ಅಪರಿಚಿತ ಬಾತುಗಳ ಗುರುತಿಸುವಿಕೆ

ಕೆರೆ, ಸರೋವರ, ಹಿನ್ನೀರುಗಳಲ್ಲಿ ನೆರೆದ ಕಾಡುಬಾತುಗಳ ನಡುವೆ, ಹಕ್ಕಿಗಳ ಕೈಪಿಡಿಯ ಯಾವ ಚಿತ್ರಕ್ಕೂ ಹೊಂದದ ಬಾತೊಂದು ಕಂಡುಬಂದಾಗ ಅದರ ಪ್ರಭೇದವನ್ನೂ ಮೂಲವನ್ನೂ ನಿರ್ಧರಿಸುವ ಕ್ರಮವನ್ನು ಅಪರಿಚಿತ ಬಾತುಗಳ ಗುರುತಿಸುವಿಕೆ ಎನ್ನಲಾಗುತ್ತದೆ. ಇಂಥ ಹಕ್ಕಿಯು ದೂರದೇಶದಿಂದ ದಾರಿತಪ್ಪಿ ಬಂದ ಅಪರೂಪದ ಅತಿಥಿಯಾಗಿರುವುದು ತೀರ ವಿರಳ. ಹೆಚ್ಚಿನ ಸಂದರ್ಭಗಳಲ್ಲಿ ಅದು ಸಾಕಣೆಯಿಂದ ತಪ್ಪಿಸಿಕೊಂಡ ಬಾತು, ಎರಡು ಪ್ರಭೇದಗಳ ಮಿಶ್ರಸಂತಾನ, ಇಲ್ಲವೇ ಗರಿ ಬದಲಿಸುತ್ತಿರುವ ಸಾಮಾನ್ಯ ಬಾತೇ ಆಗಿರುತ್ತದೆ. ಈ ಮೂರನ್ನೂ ಪರಿಶೀಲಿಸಿ ತಳ್ಳಿಹಾಕಿದ ಬಳಿಕವೇ ಅಪರೂಪದ ಪ್ರಭೇದವೆಂಬ ನಿರ್ಣಯಕ್ಕೆ ಬರುವುದು ವಾಡಿಕೆ.

ಬಾತು, ಹೆಬ್ಬಾತು ಮತ್ತು ಹಂಸಗಳು ಅನಾಟಿಡೀ ಕುಟುಂಬಕ್ಕೆ ಸೇರಿವೆ. ಈ ಕುಟುಂಬದ ಪ್ರಭೇದಗಳು ಪರಸ್ಪರ ಕೂಡಿ ಮರಿಮಾಡುವುದು ಇತರ ಹಕ್ಕಿಗಳಿಗೆ ಹೋಲಿಸಿದರೆ ಬಹಳ ಹೆಚ್ಚು; ಸಾಕಣೆ ಮತ್ತು ವನ್ಯ ಸ್ಥಿತಿಗಳೆರಡರಲ್ಲೂ ಸೇರಿ ನಾನೂರಕ್ಕೂ ಮಿಕ್ಕಿದ ಬಗೆಯ ಮಿಶ್ರಜೋಡಿಗಳು ದಾಖಲಾಗಿವೆ. ಮನುಷ್ಯನು ಬಾತುಗಳನ್ನು ಮಾಂಸ, ಮೊಟ್ಟೆ ಮತ್ತು ಅಲಂಕಾರಕ್ಕಾಗಿ ದೀರ್ಘಕಾಲದಿಂದ ಸಾಕುತ್ತ ಬಂದಿರುವುದೂ ಈ ಗೊಂದಲಕ್ಕೆ ಇನ್ನೊಂದು ಕಾರಣ. ಹೀಗಾಗಿ ಹೆಸರು ಹೇಳಲಾಗದ ಹಕ್ಕಿಯನ್ನು ಎದುರಿಸುವ ಸಂದರ್ಭ ಗುಬ್ಬಿ ಮೈನಾಗಳ ವೀಕ್ಷಕನಿಗಿಂತ ಬಾತುಗಳ ವೀಕ್ಷಕನಿಗೆ ಹೆಚ್ಚಾಗಿ ಒದಗುತ್ತದೆ.

ಇತಿಹಾಸದ ಒಂದು ನಿದರ್ಶನ

ಅಮೆರಿಕದ ಪ್ರಸಿದ್ಧ ಪಕ್ಷಿಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ 1822ರಲ್ಲಿ ಲೂಯಿಸಿಯಾನದಲ್ಲಿ ವಿಚಿತ್ರವಾದ ಗಂಡು ಬಾತೊಂದನ್ನು ಪಡೆದನು. ಅದಕ್ಕೆ ಬಾಸ್ಟನ್ನಿನ ತನ್ನ ಗೆಳೆಯ ಥಾಮಸ್ ಬ್ರೂವರ್‌ನ ಹೆಸರನ್ನಿಟ್ಟು ಅನಾಸ್ ಬ್ರೂವರಿ ಎಂದು ಕರೆದನು. ಹಕ್ಕಿಯ ಚಿತ್ರ ಅವನ ಮಹಾಸಂಪುಟದಲ್ಲಿಯೂ ಸೇರಿತು. ಬ್ರೂವರ್ ಬಾತು ಎಂಬ ಪ್ರಭೇದವೇ ಇಲ್ಲ. ಅದು ಮಲ್ಲಾರ್ಡ್ ಮತ್ತು ಗ್ಯಾಡ್‌ವಾಲ್ ಎಂಬ ಎರಡು ಸಾಮಾನ್ಯ ಬಾತುಗಳ ಮಿಶ್ರಸಂತಾನ ಎಂಬುದು ಇಂದು ಒಪ್ಪಿತವಾದ ವಿಷಯ. ಹಕ್ಕಿಯನ್ನು ಕೈಯಲ್ಲಿ ಹಿಡಿದು, ಗರಿಗರಿಯನ್ನೂ ನೋಡಿ ಬರೆದ ಚಿತ್ರಕಾರನಿಗೇ ಎದುರಾದ ತೊಡಕು ಇದು. ಕೆರೆಯ ಆಚೆ ದಡದಲ್ಲಿ ತೇಲುವ ಹಕ್ಕಿಯನ್ನು ದುರ್ಬೀನಿನಲ್ಲಿ ನೋಡುವವನಿಗೆ ಅದು ಎದುರಾಗುವುದರಲ್ಲಿ ಆಶ್ಚರ್ಯವಿಲ್ಲ. ಈ ಮಿಶ್ರತಳಿಗೆ ಬ್ರೂವರ್‌ನ ಹೆಸರು ಮಾತ್ರ ಈಗಲೂ ಅಂಟಿಕೊಂಡಿದೆ.

ಸಾಕು ಬಾತುಗಳು

ಜಗತ್ತಿನ ಸಾಕು ಬಾತುಗಳೆಲ್ಲವೂ ಎರಡೇ ಮೂಲಗಳಿಂದ ಬಂದವು. ಮೊದಲನೆಯದು ಉತ್ತರಾರ್ಧಗೋಳದ ಮಲ್ಲಾರ್ಡ್. ವೈಜ್ಞಾನಿಕ ಹೆಸರು ಅನಾಸ್ ಪ್ಲಾಟಿರಿಂಕಸ್. ಎರಡನೆಯದು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ ಕಾಡುಗಳಲ್ಲಿ ವಾಸಿಸುವ ಮಸ್ಕೊವಿ ಬಾತು. ಬಿಳಿಯ ಪೆಕಿನ್, ಕಂದುಬಣ್ಣದ ಖಾಕಿ ಕ್ಯಾಂಪ್‌ಬೆಲ್, ಹಸಿರು ಮಿಂಚಿನ ಕರಿಯ ಕಯೂಗ, ಬಾಟಲಿಯಂತೆ ನೆಟ್ಟಗೆ ನಿಲ್ಲುವ ಇಂಡಿಯನ್ ರನ್ನರ್, ನೆತ್ತಿಯ ಮೇಲೆ ಗರಿಯುಂಡೆ ಹೊತ್ತ ಜುಟ್ಟುಬಾತು ಇವೆಲ್ಲ ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತಿದ್ದರೂ ಮಲ್ಲಾರ್ಡಿನ ವಂಶದವೇ.

ಗಂಡು ಮಲ್ಲಾರ್ಡಿನ ತಲೆ ಹೊಳೆಯುವ ಹಸಿರು, ಕೊರಳಲ್ಲಿ ಬಿಳಿಯ ಬಳೆ, ಎದೆ ಕಂದು, ಮೈ ಬೂದು. ಹೆಣ್ಣು ಕಂದುಬಣ್ಣದ ಮೇಲೆ ಕಪ್ಪು ಗೀರುಗಳುಳ್ಳದ್ದು. ಸಾಕಣೆಯಲ್ಲಿ ಈ ವಿನ್ಯಾಸ ಒಡೆದುಹೋಗಿ, ತಲೆಮಾರುಗಳ ಬೆರಕೆಯಿಂದ ಕಪ್ಪು, ಬಿಳಿ, ಬೂದು, ಕಂದು ಬಣ್ಣಗಳು ಮನಬಂದಂತೆ ಸೇರಿಕೊಂಡಿವೆ. ಕೆಲವು ಲಕ್ಷಣಗಳು ಮಾತ್ರ ಅಳಿಸಿಹೋಗುವುದಿಲ್ಲ. ಅವುಗಳಲ್ಲಿ ಮುಖ್ಯವಾದುದು ಗಂಡಿನ ಬಾಲದ ಬುಡದಲ್ಲಿ ಮೇಲಕ್ಕೆ ಸುರುಳಿಸುತ್ತಿಕೊಂಡ ಗರಿ. ವಿಚಿತ್ರ ಬಣ್ಣದ ಬಾತಿನಲ್ಲಿ ಈ ಸುರುಳಿ ಕಂಡರೆ ಅದರ ರಕ್ತದಲ್ಲಿ ಮಲ್ಲಾರ್ಡಿನ ಪಾಲಿದೆಯೆಂದು ಬಹುಮಟ್ಟಿಗೆ ಹೇಳಬಹುದು. ಮೈ ಕಪ್ಪಾಗಿದ್ದು ಎದೆಯಲ್ಲಿ ಮಾತ್ರ ಮಗುವಿನ ಜೊಲ್ಲುಬಟ್ಟೆಯಂತೆ ಬಿಳಿಯ ಮಚ್ಚೆ ಇರುವುದು ಸಾಕು ಮೂಲದ ಇನ್ನೊಂದು ಗುರುತು. ಕಾಡಿನ ಯಾವ ಬಾತಿಗೂ ನಿಖರವಾಗಿ ಈ ವಿನ್ಯಾಸವಿಲ್ಲ.

ಬಣ್ಣಕ್ಕಿಂತ ದೇಹದ ಆಕಾರ ಹೆಚ್ಚು ನಂಬಲರ್ಹ. ಮಾಂಸಕ್ಕಾಗಿ ಬೆಳೆಸಿದ ತಳಿಗಳಲ್ಲಿ ಹೊಟ್ಟೆಯ ಹಿಂಭಾಗ ಜೋತುಬಿದ್ದಿರುತ್ತದೆ, ನೀರಿನಲ್ಲಿ ಹಿಂಬದಿ ಮುಳುಗಿ ಮುಂಬದಿ ಎದ್ದಂತೆ ತೋರುತ್ತದೆ. ಕುತ್ತಿಗೆ ದಪ್ಪ, ಕೆನ್ನೆ ಉಬ್ಬು, ನಡಿಗೆ ಭಾರ. ಕಾಡಿನ ಮಲ್ಲಾರ್ಡ್ ಸುಮಾರು ಒಂದು ಕಿಲೋ ಆಸುಪಾಸು ತೂಗಿದರೆ ಪೆಕಿನ್ ಅದರ ಮೂರುಪಟ್ಟು ಬೆಳೆಯಬಲ್ಲದು. ಅಂಥ ಬಾತು ಹಾರಲಾರದು. ಹಿಂಡು ಬೆದರಿ ಮೇಲೆದ್ದಾಗ ಒಂದು ಹಕ್ಕಿ ಮಾತ್ರ ರೆಕ್ಕೆ ಬಡಿಯುತ್ತ ನೀರಿನ ಮೇಲೆ ಓಡಿ ಅಲ್ಲಿಯೇ ಉಳಿದರೆ ಬೇರೆ ಸಾಕ್ಷ್ಯ ಹೆಚ್ಚು ಬೇಕಾಗುವುದಿಲ್ಲ.

ಮಸ್ಕೊವಿ ಬಾತನ್ನು ಗುರುತಿಸುವುದು ಸುಲಭ. ಮುಖದ ಮೇಲೆ, ವಿಶೇಷವಾಗಿ ಗಂಡಿನಲ್ಲಿ, ಗಂಟುಗಂಟಾದ ಕೆಂಪು ಚರ್ಮ. ಉದ್ದ ಅಗಲದ ಬಾಲ. ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ. ಅದು ಕ್ವಾಕ್ ಎಂದು ಕೂಗದು, ಬುಸುಗುಟ್ಟುತ್ತದೆ. ಮಲ್ಲಾರ್ಡಿನ ಮೊಟ್ಟೆ ಸುಮಾರು 28 ದಿನಗಳಿಗೆ ಒಡೆದರೆ ಇದರದು 35 ದಿನಗಳನ್ನು ತೆಗೆದುಕೊಳ್ಳುತ್ತದೆ. ಇವೆರಡರ ಬೆರಕೆಯಿಂದ ಹುಟ್ಟುವ ಮುಲಾರ್ಡ್ ಹೇಸರಗತ್ತೆಯಂತೆ ಸಂತಾನಹೀನ.

ದಕ್ಷಿಣ ಭಾರತದಲ್ಲಿ ಈ ವಿವರಗಳಿಗೆ ವಿಶೇಷ ಬೆಲೆಯಿದೆ. ಕಾಡಿನ ಮಲ್ಲಾರ್ಡ್ ಚಳಿಗಾಲದಲ್ಲಿ ಭಾರತದ ವಾಯವ್ಯ ಮತ್ತು ಉತ್ತರ ಭಾಗಗಳಿಗೆ ಬರುವ ಹಕ್ಕಿ. ದಕ್ಷಿಣಕ್ಕೆ ಬರುವುದು ಅಪರೂಪ. ಹಾಗಾಗಿ ಕರ್ನಾಟಕದ ಊರಕೆರೆಯಲ್ಲಿ ಹಸಿರು ತಲೆಯ ಬಾತು ಕಂಡರೆ ಮೊದಲು ಹತ್ತಿರದ ಮನೆಗಳನ್ನು ವಿಚಾರಿಸುವುದು ವಿವೇಕ. ಕೇರಳದ ಕುಟ್ಟನಾಡಿನಲ್ಲಿ ಚಾರ ಮತ್ತು ಚೆಂಬಲ್ಲಿ ಎಂಬ ಸ್ಥಳೀಯ ತಳಿಗಳನ್ನು ದೊಡ್ಡ ಹಿಂಡುಗಳಾಗಿ ಸಾಕಿ, ಕೊಯ್ಲು ಮುಗಿದ ಗದ್ದೆಗಳಲ್ಲಿ ಮೇಯಿಸುವ ಪದ್ಧತಿಯಿದೆ. ಕೊಯ್ಲಾದ ಗದ್ದೆಗಳನ್ನು ಅರಸಿ ಬಾತು ಕಾಯುವವರು ನೆರೆರಾಜ್ಯಗಳಿಗೂ ಹೋಗುತ್ತಾರೆ. ಹಿಂಡಿನಿಂದ ತಪ್ಪಿಸಿಕೊಂಡ ಒಂದೆರಡು ಕಂದು ಬಾತುಗಳು ಕೆರೆಯ ಚುಕ್ಕೆಕೊಕ್ಕಿನ ಬಾತುಗಳ ಜೊತೆ ಸೇರಿಕೊಂಡರೆ ಹೊಸಬರಿಗೆ ತೊಡಕಾಗುವುದು ಸಹಜ. ಕರ್ನಾಟಕದಲ್ಲಿ ವರ್ಷವಿಡೀ ಇರುವ ಚುಕ್ಕೆಕೊಕ್ಕಿನ ಬಾತಿನ ಕೊಕ್ಕು ಕಪ್ಪು, ತುದಿ ಮಾತ್ರ ಅರಿಶಿನದಲ್ಲಿ ಅದ್ದಿದಂತೆ ಹಳದಿ, ಮಡಿಸಿದ ರೆಕ್ಕೆಯ ಹಿಂಬದಿಯಲ್ಲಿ ಎದ್ದುಕಾಣುವ ಬಿಳಿ ಗರಿಗಳು, ಕಾಲು ಕಿತ್ತಳೆಗೆಂಪು. ಸಾಕು ಬಾತಿನಲ್ಲಿ ಈ ಮೂರೂ ಒಟ್ಟಿಗೆ ಇರುವುದಿಲ್ಲ.

ಮಸ್ಕೊವಿಯನ್ನು ಇಲ್ಲಿಯ ನುಕ್ತ ಬಾತೆಂದು ತಿಳಿಯುವ ಸಾಧ್ಯತೆಯೂ ಇದೆ. ಎರಡೂ ದೊಡ್ಡವು, ಎರಡರಲ್ಲೂ ಕಪ್ಪು ಬಿಳುಪಿನ ಬೆರಕೆ. ನುಕ್ತದ ತಲೆ ಬಿಳಿಯ ಮೇಲೆ ಕರಿಯ ಚುಕ್ಕೆಗಳುಳ್ಳದ್ದು. ಗಂಡಿನ ಕೊಕ್ಕಿನ ಮೇಲೆ ಕಪ್ಪು ಗುಬಟು ಇರುತ್ತದೆ, ಕೆಂಪು ಚರ್ಮ ಎಲ್ಲಿಯೂ ಇರುವುದಿಲ್ಲ.

ಗರಿ ಬದಲಾವಣೆ

ಉತ್ತರದ ಶೀತ ಮತ್ತು ಸಮಶೀತೋಷ್ಣ ದೇಶಗಳ ಬಹುಪಾಲು ಗಂಡು ಬಾತುಗಳು ಸಂತಾನಕಾಲ ಮುಗಿಯುತ್ತಿದ್ದಂತೆ ತಮ್ಮ ಬಣ್ಣದ ಉಡುಪನ್ನು ಕಳಚಿ, ಕೆಲವು ವಾರಗಳ ಕಾಲ ಹೆಣ್ಣನ್ನು ಹೋಲುವ ಮಾಸಲು ಪುಕ್ಕವನ್ನು ತೊಡುತ್ತವೆ. ಗ್ರಹಣ ಹಿಡಿದ ಸೂರ್ಯನಿಗೆ ಹೋಲಿಸಿ ಇದನ್ನು ಇಕ್ಲಿಪ್ಸ್ ಎಂದು ಕರೆಯಲಾಗಿದೆ. ಇದೇ ಕಾಲದಲ್ಲಿ ರೆಕ್ಕೆಯ ಹಾರುಗರಿಗಳೆಲ್ಲ ಒಟ್ಟಿಗೆ ಉದುರುವುದರಿಂದ ಮೂರು ನಾಲ್ಕು ವಾರಗಳು ಹಾರಲೂ ಆಗುವುದಿಲ್ಲ. ಜೊಂಡಿನ ಮರೆಯಲ್ಲಿ ಅಡಗಿ ದಿನ ಕಳೆಯಬೇಕಾದ ಹಕ್ಕಿಗೆ ಮಾಸಲು ಬಣ್ಣವೇ ರಕ್ಷೆ. ಹಳೆಯ ಪುಕ್ಕ ಅರ್ಧ, ಹೊಸ ಪುಕ್ಕ ಅರ್ಧ ಇರುವ ಹಂತದಲ್ಲಿ ಗಂಡು ಬಾತು ಯಾವ ಚಿತ್ರಕ್ಕೂ ಹೊಂದುವುದಿಲ್ಲ. ಭಾರತಕ್ಕೆ ಚಳಿಗಾಲದ ಆರಂಭದಲ್ಲಿ ಬಂದಿಳಿಯುವ ಗಂಡುಗಳಲ್ಲಿ ಹಲವು ಇನ್ನೂ ಈ ಅವಸ್ಥೆಯಲ್ಲೇ ಇರುತ್ತವೆ.

ಇಲ್ಲಿ ನೆರವಾಗುವುದು ಬದಲಾಗದ ಅಂಗಗಳು. ಗಂಡು ಮಲ್ಲಾರ್ಡಿನ ಕೊಕ್ಕು ಮಾಸಲು ಪುಕ್ಕದಲ್ಲಿಯೂ ಹಳದಿಯಾಗಿಯೇ ಉಳಿಯುತ್ತದೆ, ಹೆಣ್ಣಿನದು ಕಿತ್ತಳೆಯ ಮೇಲೆ ಕಪ್ಪು ಕಲೆಯುಳ್ಳದ್ದು. ಎಲ್ಲರಿಗೂ ಪರಿಚಿತವಾದ ಜೋರಿನ ಕ್ವಾಕ್ ದನಿ ಹೆಣ್ಣಿನದು. ಗಂಡಿನ ದನಿ ಮೆಲುವಾದ ಒಡಕು ದನಿ. ರೆಕ್ಕೆಯ ಹಿಂದಂಚಿನಲ್ಲಿ ಲೋಹದಂತೆ ಹೊಳೆಯುವ ಪಟ್ಟಿ, ಅಂದರೆ ಸ್ಪೆಕ್ಯುಲಮ್, ಋತುವಿನೊಂದಿಗೆ ಬಣ್ಣ ಬದಲಿಸದ ಇನ್ನೊಂದು ಗುರುತು. ಮಲ್ಲಾರ್ಡಿನಲ್ಲಿ ಅದು ಬಿಳಿಯ ಅಂಚುಗಳ ನಡುವಿನ ನೇರಳೆ ನೀಲಿ, ಚುಕ್ಕೆಕೊಕ್ಕಿನ ಬಾತಿನಲ್ಲಿ ಹಸಿರು, ಗ್ಯಾಡ್‌ವಾಲಿನಲ್ಲಿ ಬಿಳಿ. ಕುಳಿತ ಹಕ್ಕಿಯಲ್ಲಿ ಮರೆಯಾಗಿರುವ ಈ ಪಟ್ಟಿ ಹಾರಿದಾಗ ಅಥವಾ ರೆಕ್ಕೆ ಚಾಚಿದಾಗ ಕ್ಷಣಕಾಲ ಕಾಣುತ್ತದೆ. ಆ ಕ್ಷಣಕ್ಕಾಗಿ ಕಾಯುವ ತಾಳ್ಮೆಯೇ ಗುರುತಿಸುವಿಕೆಯ ಅರ್ಧ ಕೆಲಸ.

ಇವಲ್ಲದೆ ಬಿಡಿ ಹಕ್ಕಿಗಳ ವ್ಯತ್ಯಾಸಗಳೂ ಇವೆ. ವರ್ಣದ್ರವ್ಯದ ಕೊರತೆಯಿಂದ ಬಿಳಿಚಿಕೊಂಡ ಅಥವಾ ಬಿಳಿಯ ತೇಪೆಗಳುಳ್ಳ ಬಾತುಗಳು ಕಾಡಿನಲ್ಲೂ ಹುಟ್ಟುತ್ತವೆ. ಅಂಡಾಶಯ ಕೆಟ್ಟ ವಯಸ್ಸಾದ ಹೆಣ್ಣು ಗಂಡಿನ ಪುಕ್ಕವನ್ನು ತಳೆಯುವುದುಂಟು. ಕಬ್ಬಿಣದ ಅಂಶ ಹೆಚ್ಚಿರುವ ಕೆಸರಿನಲ್ಲಿ ತಲೆ ಮುಳುಗಿಸಿ ಮೇಯುವ ಹಂಸ, ಹೆಬ್ಬಾತುಗಳ ಬಿಳಿಯ ತಲೆ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ.

ಮಿಶ್ರತಳಿಗಳು ಮತ್ತು ಅವುಗಳ ಪರಿಣಾಮ

ಮಿಶ್ರತಳಿಯ ಬಾತಿನಲ್ಲಿ ತಾಯಿತಂದೆಯರ ಲಕ್ಷಣಗಳು ಹದವಾಗಿ ಬೆರೆತಿರಬಹುದು, ಒಂದೊಂದು ಅಂಗ ಒಂದೊಂದು ಕಡೆಯಿಂದ ಬಂದಂತೆ ತೇಪೆತೇಪೆಯಾಗಿಯೂ ಇರಬಹುದು. ಕೆಲವೊಮ್ಮೆ ಎರಡರಲ್ಲಿಯೂ ಇಲ್ಲದ, ಮೂರನೆಯ ಪ್ರಭೇದವನ್ನು ನೆನಪಿಸುವ ಗುರುತು ಮೂಡುವುದೇ ನಿಜವಾದ ತೊಡಕು. ಆದ್ದರಿಂದ ಮಿಶ್ರತಳಿಯೆಂದು ಅನುಮಾನ ಬಂದಾಗ ಕೊಕ್ಕಿನ ಆಕಾರ, ತಲೆಯ ಆಕಾರ, ಕಾಲಿನ ಬಣ್ಣ, ಸ್ಪೆಕ್ಯುಲಮ್ ಇವುಗಳನ್ನು ಬೇರೆ ಬೇರೆಯಾಗಿ ಬರೆದುಕೊಂಡು, ಆ ಪ್ರದೇಶದಲ್ಲಿ ಇರುವ ಪ್ರಭೇದಗಳೊಡನೆ ಹೋಲಿಸಲಾಗುತ್ತದೆ. ತಂದೆ ಯಾವುದು, ತಾಯಿ ಯಾವುದು ಎಂಬುದನ್ನು ನೋಟದಿಂದ ಖಚಿತವಾಗಿ ಹೇಳಲಾಗುವುದಿಲ್ಲ. ಅದಕ್ಕೆ ವಂಶವಾಹಿ ಪರೀಕ್ಷೆಯೇ ಬೇಕು.

ಇದು ಹವ್ಯಾಸಿಗಳ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ ಎಂಬುದಕ್ಕೆ ಸ್ಪೇನ್ ದೇಶದ ಬಿಳಿತಲೆ ಬಾತಿನ ಪ್ರಸಂಗ ಸಾಕ್ಷಿ. ಬೇಟೆ ಮತ್ತು ಜೌಗುನೆಲಗಳ ನಾಶದಿಂದ ಸ್ಪೇನಿನಲ್ಲಿ ಈ ಬಾತುಗಳ ಸಂಖ್ಯೆ 1977ರ ವೇಳೆಗೆ ಕೇವಲ 22ಕ್ಕೆ ಇಳಿದಿತ್ತು. ಬೇಟೆಯನ್ನು ತಡೆದು ಕೊಳಗಳನ್ನು ಕಾಪಾಡಿದ ಫಲವಾಗಿ ಅವು ಮತ್ತೆ ಹೆಚ್ಚತೊಡಗಿದವು. ಅಷ್ಟರಲ್ಲಿ ಬೇರೊಂದು ಕಡೆಯಿಂದ ಅಪಾಯ ಎದುರಾಯಿತು. ಉತ್ತರ ಅಮೆರಿಕದ ರಡ್ಡಿ ಬಾತುಗಳನ್ನು 1948ರಲ್ಲಿ ಇಂಗ್ಲೆಂಡಿನ ಸ್ಲಿಂಬ್ರಿಜ್‌ನಲ್ಲಿ, ಪೀಟರ್ ಸ್ಕಾಟ್ ಸ್ಥಾಪಿಸಿದ ಜಲಪಕ್ಷಿ ಕೇಂದ್ರಕ್ಕೆ ತರಿಸಲಾಗಿತ್ತು. ಅವುಗಳ ಕೆಲವು ಮರಿಗಳು ತಪ್ಪಿಸಿಕೊಂಡು ಬ್ರಿಟನ್ನಿನ ಕೆರೆಗಳಲ್ಲಿ ನೆಲೆಸಿದವು. 2000ದ ಹೊತ್ತಿಗೆ ಅಲ್ಲಿ ಸುಮಾರು 6000 ರಡ್ಡಿ ಬಾತುಗಳಿದ್ದವು. ಕೆಲವು ಕಡಲು ದಾಟಿ ದಕ್ಷಿಣಕ್ಕೂ ಹರಡಿದವು. ಸ್ಪೇನಿನಲ್ಲಿ 1991ರಲ್ಲಿ ಮೊದಲ ಮಿಶ್ರಸಂತಾನ ಕಂಡುಬಂತು. ಮುಲಾರ್ಡಿನಂತೆ ಇವು ಬಂಜೆಯಲ್ಲ. ತಲೆಮಾರಿನಿಂದ ತಲೆಮಾರಿಗೆ ಬೆರಕೆ ಮುಂದುವರಿದು, ಕೆಲವು ದಶಕಗಳಲ್ಲಿ ಶುದ್ಧ ಬಿಳಿತಲೆ ಬಾತೇ ಇಲ್ಲವಾಗುವ ಭೀತಿ ಹುಟ್ಟಿತು.

ಆಗ ಗುರುತಿಸುವಿಕೆ ಜೀವ ಮರಣಗಳ ಪ್ರಶ್ನೆಯಾಯಿತು. ಒಂದೇ ಕೊಳದಲ್ಲಿ ಕಾಪಾಡಬೇಕಾದ ಹಕ್ಕಿಯೂ ಗುಂಡಿಗೆ ಗುರಿಯಾಗಬೇಕಾದ ಹಕ್ಕಿಯೂ ಈಜುತ್ತಿದ್ದವು. ಗಂಡು ಬಿಳಿತಲೆ ಬಾತಿನ ತಲೆ ಬಹುತೇಕ ಬಿಳಿ, ನೆತ್ತಿಯಲ್ಲಿ ಸಣ್ಣ ಕರಿಮಚ್ಚೆ, ನೀಲಿ ಕೊಕ್ಕಿನ ಬುಡ ಊದಿಕೊಂಡಂತೆ ಉಬ್ಬು. ಗಂಡು ರಡ್ಡಿಯಲ್ಲಿ ಕರಿಯ ಟೋಪಿ ಕಣ್ಣನ್ನು ಮುಚ್ಚಿ ಕೆಳಗಿಳಿಯುತ್ತದೆ, ಕೆನ್ನೆ ಮಾತ್ರ ಬಿಳಿ, ಕೊಕ್ಕಿನ ಬುಡ ಉಬ್ಬಿರುವುದಿಲ್ಲ, ಬಾಲದ ಅಡಿ ಬಿಳಿ. ಹೆಣ್ಣುಗಳಲ್ಲಿ ವ್ಯತ್ಯಾಸ ಇನ್ನೂ ಸೂಕ್ಷ್ಮ. ಕೊಕ್ಕಿನ ಉಬ್ಬು ಮತ್ತು ಕೆನ್ನೆಯ ಅಡ್ಡಪಟ್ಟಿಯ ಗಾಢತೆಯನ್ನೇ ನೆಚ್ಚಬೇಕು. ಮಿಶ್ರತಳಿಗಳಲ್ಲಿ ಇವೆಲ್ಲ ನಡುವಣ ಹಂತದಲ್ಲಿರುತ್ತವೆ. ಬ್ರಿಟನ್ 2005ರಲ್ಲಿ ರಡ್ಡಿ ಬಾತುಗಳ ನಿರ್ಮೂಲನ ಕಾರ್ಯವನ್ನು ಕೈಗೊಂಡಿತು. ಒಂದು ಹಕ್ಕಿಯನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು ಸರಿಯೇ ಎಂಬ ವಿರೋಧ ತೀವ್ರವಾಗಿಯೇ ಕೇಳಿಬಂತು. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ರಡ್ಡಿ ಬಾತು ತಾನಾಗಿ ಅಲ್ಲಿಗೆ ಬಂದದ್ದಲ್ಲ. ಯೂರೋಪಿನ ರಡ್ಡಿಗಳು ಅಮೆರಿಕದಿಂದ ಹಾರಿ ಬಂದವಲ್ಲ, ಸಾಕಣೆಯ ಮೂಲದವೇ ಎಂಬುದನ್ನು ವಂಶವಾಹಿ ಅಧ್ಯಯನವೂ ತೋರಿಸಿತು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನಲ್ಲಿ ಅವುಗಳ ಸಂಖ್ಯೆ ಸಾವಿರಗಳಿಂದ ಕೆಲವು ಹತ್ತುಗಳಿಗೆ ಇಳಿಯಿತು.

ಮಲ್ಲಾರ್ಡ್ ಕೂಡ ಹಲವೆಡೆ ಇಂಥದೇ ಪಾತ್ರ ವಹಿಸಿದೆ. ಹವಾಯಿ ದ್ವೀಪಗಳ ಕೊಲೋವ ಬಾತಿನಲ್ಲಿ ಗಂಡು ಹೆಣ್ಣುಗಳೆರಡೂ ಹೆಣ್ಣು ಮಲ್ಲಾರ್ಡನ್ನು ಹೋಲುತ್ತವೆ. ಹೊರಗಿನಿಂದ ತಂದ ಮಲ್ಲಾರ್ಡುಗಳೊಡನೆ ಬೆರೆತು, ಓವಾಹು ದ್ವೀಪದಲ್ಲಿ ಈಗ ಮಿಶ್ರತಳಿಗಳೇ ತುಂಬಿವೆ. ಶುದ್ಧ ಕೊಲೋವಗಳಿಗೆ ಮುಖ್ಯ ಆಸರೆಯಾಗಿ ಉಳಿದಿರುವುದು ಕವಾಯಿ ದ್ವೀಪ. ನ್ಯೂಜಿಲೆಂಡಿನಲ್ಲಿ ಬೇಟೆಗಾಗಿ ತಂದುಬಿಟ್ಟ ಮಲ್ಲಾರ್ಡುಗಳಿಂದ ಅಲ್ಲಿನ ಬೂದು ಬಾತಿಗೂ ಇದೇ ಗತಿ ಬಂದಿದೆ.

ತಪ್ಪಿಸಿಕೊಂಡದ್ದೋ, ತಾನಾಗಿ ಬಂದದ್ದೋ

ಪ್ರಭೇದ ತಿಳಿದ ಮೇಲೂ ಮೂಲದ ಪ್ರಶ್ನೆ ಉಳಿಯುತ್ತದೆ. ಪೂರ್ವ ಏಷ್ಯದ ಮ್ಯಾಂಡರಿನ್ ಬಾತು ಇದಕ್ಕೆ ಒಳ್ಳೆಯ ಉದಾಹರಣೆ. ಕಿತ್ತಳೆಬಣ್ಣದ ಹಾಯಿಯಂಥ ರೆಕ್ಕೆಗರಿಗಳುಳ್ಳ ಇದರ ಗಂಡನ್ನು ಬೇರೆ ಯಾವುದೆಂದೂ ಭ್ರಮಿಸಲಾಗದು. 2018ರ ಶರತ್ಕಾಲದಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕೊಳದಲ್ಲಿ ಮಲ್ಲಾರ್ಡುಗಳ ನಡುವೆ ಅಂಥ ಗಂಡೊಂದು ಕಾಣಿಸಿಕೊಂಡು ಲೋಕಪ್ರಸಿದ್ಧವಾಯಿತು. ಅದರ ಕಾಲಿನಲ್ಲಿ ಪಟ್ಟಿಯಿತ್ತು. ಏಷ್ಯದಿಂದ ಅಷ್ಟು ದೂರ ಹಾರಿ ಬರುವುದೂ ಅಸಂಭವ. ಯಾರದೋ ಸಾಕಣೆಯಿಂದ ಬಂದದ್ದೆಂಬುದರಲ್ಲಿ ಸಂದೇಹವಿರಲಿಲ್ಲ. 2021ರ ಫೆಬ್ರವರಿಯಲ್ಲಿ ಅದೇ ಪ್ರಭೇದ ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಮಾಗುರಿ ಜೌಗುಭೂಮಿಯಲ್ಲಿ ಕಂಡಿತು. ಆ ಭಾಗದಲ್ಲಿ ಅದರ ಹಿಂದಿನ ದಾಖಲೆ 1902ರದು. ಈ ಹಕ್ಕಿಯನ್ನು ಮಾತ್ರ ವೀಕ್ಷಕರು ದಾರಿತಪ್ಪಿ ಬಂದ ಕಾಡಿನ ಬಾತೆಂದೇ ಸ್ವೀಕರಿಸಿದರು. ಚೀನಾದಲ್ಲಿ ಚಳಿಗಾಲ ಕಳೆಯುವ ಹಕ್ಕಿಗೆ ಅಸ್ಸಾಂ ಅಗಮ್ಯವಲ್ಲ, ಕಾಲವೂ ವಲಸೆಗೆ ಹೊಂದುವಂಥದು, ಹಳೆಯ ದಾಖಲೆಯೂ ಇತ್ತು. ಹಿಂದಿನ ವರ್ಷವಷ್ಟೇ ನೆರೆಯ ಬಾಗ್‌ಜಾನ್ ತೈಲಬಾವಿಯ ಸ್ಫೋಟದಿಂದ ನೊಂದಿದ್ದ ಆ ನೀರಿಗೆ ಅದು ಬಂದದ್ದು ಸ್ಥಳೀಯರಿಗೆ ಎರಡು ಪಟ್ಟು ಸಂತೋಷ ನೀಡಿತು.

ಸಾಕಣೆಯ ಮೂಲವನ್ನು ಸೂಚಿಸುವ ಗುರುತುಗಳೆಂದರೆ ಬಣ್ಣದ ಅಥವಾ ಮುಚ್ಚಿದ ಕಾಲುಬಳೆ, ಕತ್ತರಿಸಿದ ರೆಕ್ಕೆ, ಸವೆದ ಗರಿಯಂಚು, ಮನುಷ್ಯರ ಬಗ್ಗೆ ಅಂಜಿಕೆಯಿಲ್ಲದಿರುವುದು. ಯಾವ ಒಂದು ಗುರುತೂ ತಾನಾಗಿ ನಿರ್ಣಾಯಕವಲ್ಲ. ಉದ್ಯಾನದ ಕೊಳದಲ್ಲಿ ಕಾಡಿನ ಬಾತೂ ಕೈಯಳತೆಗೆ ಬರುತ್ತದೆ. ಸಂಶೋಧಕರೂ ಹಕ್ಕಿಗಳಿಗೆ ಬಳೆ ತೊಡಿಸುತ್ತಾರೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಪಟ್ಟಿಯ ಮೇಲಿನ ಅಕ್ಷರ ಮತ್ತು ಅಂಕಿಗಳನ್ನು ಓದಿ ಬರೆದುಕೊಂಡರೆ ಹಕ್ಕಿಯ ಪಯಣವೇ ತಿಳಿಯುತ್ತದೆ.

ನಸುಗೆಂಪು ತಲೆಯ ಬಾತು

ಭಾರತದ ಮಟ್ಟಿಗೆ ತಪ್ಪು ಗುರುತಿನ ಬೆಲೆ ಅತಿ ಹೆಚ್ಚಾಗಿರುವುದು ನಸುಗೆಂಪು ತಲೆಯ ಬಾತಿನ ವಿಷಯದಲ್ಲಿ. ಬಂಗಾಳ, ಬಿಹಾರ, ಅಸ್ಸಾಂ ಮತ್ತು ಮ್ಯಾನ್ಮಾರ್‌ಗಳ ಹುಲ್ಲುಗಾವಲ ಜೌಗುಗಳಲ್ಲಿದ್ದ ಈ ಹಕ್ಕಿ 1949ರ ಬಳಿಕ ಖಚಿತವಾಗಿ ಕಂಡಿಲ್ಲ. ಕಂಡೆವೆಂಬ ವರದಿಗಳು ಮಾತ್ರ ಆಗಾಗ ಬಂದಿವೆ. ಚಳಿಗಾಲದಲ್ಲಿ ಭಾರತಕ್ಕೆ ಬರುವ ಕೆಂಪುಜುಟ್ಟಿನ ಪೋಚಾರ್ಡ್ ಈ ಗೊಂದಲಕ್ಕೆ ಮುಖ್ಯ ಕಾರಣ. ಅದರ ಗಂಡಿನ ದುಂಡುತಲೆ ಕಿತ್ತಳೆಗಂದು, ಕೊಕ್ಕು ಹವಳಗೆಂಪು, ಪಕ್ಕೆ ಬಿಳಿ. ಹಾರುವಾಗ ರೆಕ್ಕೆಯಲ್ಲಿ ಅಗಲವಾದ ಬಿಳಿಪಟ್ಟಿ ಕಾಣುತ್ತದೆ. ನಸುಗೆಂಪು ತಲೆಯ ಬಾತಿನ ತಲೆ ಗುಲಾಬಿ, ಮೈ ಪೂರ್ತಿ ಕಡುಕಂದು, ಪಕ್ಕೆಯಲ್ಲಿ ಬಿಳಿಯಿಲ್ಲ, ರೆಕ್ಕೆಯ ಒಳಬದಿ ತೆಳುಗುಲಾಬಿ. ಮುಂಜಾನೆಯ ಕೆಂಪು ಬೆಳಕಿನಲ್ಲಿ ದೂರದಿಂದ ನೋಡಿದಾಗ ತಲೆಯ ಬಣ್ಣವನ್ನು ನಂಬುವಂತಿಲ್ಲ; ನೋಡಬೇಕಾದುದು ಪಕ್ಕೆ ಮತ್ತು ರೆಕ್ಕೆಯನ್ನು. ಅಳಿದುಹೋಗಿದೆಯೆಂದು ಇನ್ನೂ ಅಧಿಕೃತವಾಗಿ ಸಾರದ ಹಕ್ಕಿಯ ಬಗ್ಗೆ ಬರುವ ಪ್ರತಿಯೊಂದು ತಪ್ಪು ವರದಿಯೂ ಹುಡುಕಾಟವನ್ನು ಬೇರೆಡೆಗೆ ಒಯ್ಯುತ್ತದೆ.

ದಾಖಲಿಸುವ ವಿಧಾನ

ಅಪರಿಚಿತ ಬಾತಿನ ಛಾಯಾಚಿತ್ರಗಳನ್ನು ಪಕ್ಕದಿಂದ, ಹಿಂದಿನಿಂದ, ರೆಕ್ಕೆ ಬಿಚ್ಚಿದಾಗ ತೆಗೆಯುವುದು ಉತ್ತಮ. ಪಕ್ಕದಲ್ಲಿ ಪರಿಚಿತ ಬಾತೊಂದು ಚೌಕಟ್ಟಿನೊಳಗಿದ್ದರೆ ಗಾತ್ರವೂ ತಿಳಿಯುತ್ತದೆ. ಚಿತ್ರ ಸಿಗದಿದ್ದರೆ ಕೈಪಿಡಿಯನ್ನು ತೆರೆಯುವ ಮೊದಲೇ ಕಂಡದ್ದನ್ನು ಬರೆದಿಡಬೇಕು. ಪುಸ್ತಕದ ಚಿತ್ರವನ್ನು ನೋಡಿದ ಮೇಲೆ ನೆನಪು ಅದಕ್ಕೆ ತಕ್ಕಂತೆ ಬಾಗುತ್ತದೆ.

ಇಬರ್ಡ್ ದಾಖಲೆಕೋಶದಲ್ಲಿ ಸಾಕು ತಳಿಯ ಮಲ್ಲಾರ್ಡ್ ಮತ್ತು ಮಸ್ಕೊವಿಗಳಿಗೆ, ಹಲವು ಮಿಶ್ರತಳಿಗಳಿಗೆ ಹಾಗೂ ಪ್ರಭೇದ ನಿರ್ಧಾರವಾಗದ ಬಾತುಗಳಿಗೆ ಪ್ರತ್ಯೇಕ ನಮೂದುಗಳಿವೆ. ಏಷ್ಯದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದ್ದು, ಕೆರೆಗಳ ಮಹತ್ವವನ್ನು ಅಳೆಯಲು ಅದರ ಎಣಿಕೆಗಳನ್ನು ಬಳಸಲಾಗುತ್ತದೆ. ಇಂಥ ಎಣಿಕೆಯಲ್ಲಿ ಸಾಕು ಬಾತುಗಳನ್ನು ಕಾಡುಬಾತುಗಳ ಲೆಕ್ಕಕ್ಕೆ ಸೇರಿಸಿದರೆ ಅಂಕಿ ಉಬ್ಬುತ್ತದೆ. ಪಟ್ಟಿಯಿಂದ ಪೂರ್ತಿ ಬಿಟ್ಟುಬಿಟ್ಟರೆ ಬೆರಕೆಯ ಅಪಾಯ ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಅವನ್ನೂ ಎಣಿಸಿ, ಬೇರೆಯಾಗಿ ನಮೂದಿಸಲಾಗುತ್ತದೆ. ಹೆಸರು ನಿರ್ಧಾರವಾಗದ ಹಕ್ಕಿಯನ್ನು ಪ್ರಭೇದ ತಿಳಿಯದ ಬಾತು ಎಂದೇ ಬರೆಯುವುದು ಒಪ್ಪಿತ ಕ್ರಮ.